ಶಾಲೆ ಬಿಟ್ಟ ಮೇಲಿನ ಕಲಿಕಾ ಕೇಂದ್ರಕ್ಕೆ ಅಮೆರಿಕದ ಸರ್ಕಾರಿ ಅನುದಾನ: ಅರ್ಜಿಗೆ ಮುಂಚಿನ ತಯಾರಿಯಿಂದ ಮೊದಲ ವರ್ಷದ ಲೆಕ್ಕದವರೆಗೆ

ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಓದು, ಆಟ, ಕಲೆ ಎಲ್ಲ ಸಿಗುವ ಕೇಂದ್ರವೊಂದನ್ನು ಅಮೆರಿಕದಲ್ಲಿ ನಡೆಸಲು ಹೊರಡುವ ಸಂಘ ಸಂಸ್ಥೆಗಳು ಅನುದಾನದ ಅರ್ಜಿಯಲ್ಲಿ ಎಡವುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಬರವಣಿಗೆ ಚೆನ್ನಾಗಿರುತ್ತದೆ, ಕಳಕಳಿಯೂ ಇರುತ್ತದೆ. ಆದರೆ ಅರ್ಜಿ ಕರೆದ ಮೇಲೆ ಪ್ರಿನ್ಸಿಪಾಲರನ್ನು ಹುಡುಕಿಕೊಂಡು ಹೋಗಿರುತ್ತಾರೆ, ಬಜೆಟ್ಟನ್ನು ಕೊನೆಯ ರಾತ್ರಿ ಕೂಡಿಸಿರುತ್ತಾರೆ. ಕೆಲಸದ ಸರದಿಯೇ ತಲೆಕೆಳಗಾಗಿರುತ್ತದೆ. ಶಾಲೆ ಮೊದಲು, ಅಂಕಿಅಂಶ ಆಮೇಲೆ, ಅದರ ಬೆನ್ನಿಗೆ ಲೆಕ್ಕ, ಬರವಣಿಗೆ ಕೊನೆಗೆ. ಈ ಮಾರ್ಗದರ್ಶಿ ಹೋಗುವುದು ಆ ಸರದಿಯಲ್ಲೇ.

ಇಲ್ಲಿ ಹೇಳುತ್ತಿರುವುದು ಈ ಕೆಲಸಕ್ಕೆಂದೇ ಮೀಸಲಾದ ಫೆಡರಲ್ ಅನುದಾನದ ಬಗ್ಗೆ: ನೀಟಾ ಎಂ. ಲೋವಿ ಟ್ವೆಂಟಿಫಸ್ಟ್ ಸೆಂಚುರಿ ಕಮ್ಯುನಿಟಿ ಲರ್ನಿಂಗ್ ಸೆಂಟರ್ಸ್. ಎಲಿಮೆಂಟರಿ ಅಂಡ್ ಸೆಕೆಂಡರಿ ಎಜುಕೇಶನ್ ಕಾಯ್ದೆಯ ನಾಲ್ಕನೇ ಟೈಟಲ್‌ನ ಬಿ ಭಾಗದಲ್ಲಿ ಇದರ ನಿಯಮಗಳಿವೆ. ಈಗ ನಡೆಯುತ್ತಿರುವುದು 2015ರಲ್ಲಿ ತಿದ್ದಿದ ರೂಪ. ಅನುದಾನದ ಕನಿಷ್ಠ ಮೊತ್ತ ವರ್ಷಕ್ಕೆ 50,000 ಡಾಲರ್, ಅವಧಿ 3ರಿಂದ 5 ವರ್ಷ.

ಹಂತ 1: ಸ್ಪರ್ಧೆ ನಡೆಸುವವರು ಯಾರು ಎಂದು ತಿಳಿದುಕೊಳ್ಳಿ

ಹಣ ಫೆಡರಲ್ ಸರ್ಕಾರದ್ದಾದರೂ ನೀವು ಅರ್ಜಿ ಹಾಕುವುದು ವಾಷಿಂಗ್ಟನ್‌ಗಲ್ಲ. ಅದು ಮೊದಲು ಪ್ರತಿ ರಾಜ್ಯದ ಶಿಕ್ಷಣ ಇಲಾಖೆಗೆ ಹಂಚಿಕೆಯಾಗುತ್ತದೆ, ಇಲಾಖೆ ತನ್ನದೇ ಸ್ಪರ್ಧೆ ನಡೆಸಿ ಸ್ಥಳೀಯ ಸಂಸ್ಥೆಗಳಿಗೆ ಕೊಡುತ್ತದೆ. ಫೆಡರಲ್ ಅನುದಾನಗಳ ಜಾಲತಾಣದಲ್ಲಿ ಹುಡುಕುತ್ತಾ ಕೂತವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ. ನಿಮ್ಮ ರಾಜ್ಯದ ಶಿಕ್ಷಣ ಇಲಾಖೆಯ ಪುಟದಲ್ಲಿ ಈ ಕಾರ್ಯಕ್ರಮದ ಹೆಸರು ಹುಡುಕಿ, ಅವರ ಇಮೇಲ್ ಪಟ್ಟಿಗೆ ಸೇರಿಕೊಳ್ಳಿ.

ಎಲ್ಲ ರಾಜ್ಯಗಳೂ ಪ್ರತಿ ವರ್ಷ ಹೊಸ ಅರ್ಜಿ ಕರೆಯುವುದಿಲ್ಲ. ಈಗಿನ ಕೇಂದ್ರಗಳ ಅವಧಿ ಮುಗಿದು ಹಣ ಬಿಡುಗಡೆಯಾದಾಗ ಮಾತ್ರ ಕರೆಯುವ ರಾಜ್ಯಗಳಿವೆ. ಹಾಗಾಗಿ ಇಲಾಖೆಗೆ ಒಂದೇ ಒಂದು ಪ್ರಶ್ನೆ ಬರೆದು ಕಳಿಸಿ: ಮುಂದಿನ ಹೊಸ ಸ್ಪರ್ಧೆ ಯಾವಾಗ? ಉತ್ತರ ಬಂದ ಮೇಲೆ ಹಿಂದಿನ ಸುತ್ತಿನ ಅರ್ಜಿ ನಮೂನೆ, ಅಂಕ ಹಾಕುವ ಪಟ್ಟಿ ಎರಡನ್ನೂ ಇಳಿಸಿಕೊಳ್ಳಿ. ಹೊಸದು ಬಹುತೇಕ ಅದೇ ಅಚ್ಚಿನಲ್ಲಿರುತ್ತದೆ. ಅರ್ಜಿಗೆ ಕೊಡುವ ಅವಕಾಶ ಕೆಲವೇ ವಾರ, ಇಲ್ಲಿ ಹೇಳಿರುವ ತಯಾರಿಗೆ ಬೇಕಾಗುವುದು ಕನಿಷ್ಠ ಆರು ತಿಂಗಳು. ಹಿಂದಿನ ನಮೂನೆ ಇಟ್ಟುಕೊಂಡು ಈಗಲೇ ಶುರು ಮಾಡದಿದ್ದರೆ ಆ ಆರು ತಿಂಗಳು ಸಿಗುವುದಿಲ್ಲ.

ಸ್ಪರ್ಧಿಸಬಲ್ಲವರು ಒಂದೊಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ಗಳಷ್ಟೇ ಅಲ್ಲ. ಸಮುದಾಯ ಸಂಸ್ಥೆಗಳು, ಮೂಲನಿವಾಸಿ ಬುಡಕಟ್ಟುಗಳ ಸಂಸ್ಥೆಗಳು, ಇತರ ಸಾರ್ವಜನಿಕ ಅಥವಾ ಖಾಸಗಿ ಸಂಸ್ಥೆಗಳು, ಇವುಗಳ ಒಕ್ಕೂಟಗಳು, ಎಲ್ಲರಿಗೂ ಅವಕಾಶವಿದೆ. ಧಾರ್ಮಿಕ ಸಂಸ್ಥೆಗಳೂ ಅರ್ಹ, ಆದರೆ ಪೂಜೆ, ಪ್ರಾರ್ಥನೆ, ಧರ್ಮಬೋಧನೆಗೆ ಈ ಹಣದ ಒಂದು ಸೆಂಟೂ ಹೋಗುವಂತಿಲ್ಲ. ಕನ್ನಡ ತರಗತಿಗೆ ಈ ಹಣ ಸಿಗುತ್ತದೆಯೇ ಎಂದು ಕನ್ನಡ ಕೂಟಗಳು ಕೇಳುವ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಕಾಯ್ದೆ ಒಪ್ಪುವ ಚಟುವಟಿಕೆಗಳಲ್ಲಿ ಸಾಂಸ್ಕೃತಿಕ ಕಾರ್ಯಕ್ರಮಗಳೂ ಇವೆ, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳ ಭಾಷಾ ಪಾಠಗಳೂ ಇವೆ. ಆದರೆ ವಾರಾಂತ್ಯದ ಕನ್ನಡ ತರಗತಿಗೇ ಹಣ ಬೇಕೆಂದು ಕೇಳಿದರೆ ಸಿಗುವುದಿಲ್ಲ. ಬಡತನ ಹೆಚ್ಚಿರುವ ಶಾಲೆಗಳ ಮಕ್ಕಳ ಓದು ಸುಧಾರಿಸುವುದೇ ಅನುದಾನದ ತಿರುಳು. ಭಾಷೆ, ಸಂಗೀತ, ನೃತ್ಯ ಅದರ ಪಕ್ಕದಲ್ಲಿ ಕೂರಬಹುದು, ಅದರ ಜಾಗದಲ್ಲಿ ಕೂರುವಂತಿಲ್ಲ.

ಹಂತ 2: ನೋಂದಣಿ ಕಾಗದಗಳು

ಯುನೀಕ್ ಎಂಟಿಟಿ ಐಡಿ ಎಂಬ 12 ಅಕ್ಷರಗಳ ಗುರುತು ಸಂಖ್ಯೆ ಇಲ್ಲದೆ ಫೆಡರಲ್ ಹಣ ನಿಮ್ಮ ಸಂಸ್ಥೆಯತ್ತ ಬರುವುದಿಲ್ಲ. ಹಳೆಯ ಡನ್ಸ್ ಸಂಖ್ಯೆಯನ್ನು 2022ರ ಏಪ್ರಿಲ್‌ನಲ್ಲಿ ಕೈಬಿಟ್ಟಿದ್ದಾರೆ. ಹೊಸ ಗುರುತು ಸರ್ಕಾರದ ಸ್ಯಾಮ್ (SAM.gov) ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ನೋಂದಣಿ ಮಾಡಿಕೊಡುತ್ತೇವೆ ಎಂದು ಹಣ ಕೇಳುವ ಇಮೇಲ್ ಬಂದರೆ ಅದು ಸರ್ಕಾರದ್ದಲ್ಲ, ಅಳಿಸಿಬಿಡಿ.

ಇಲ್ಲಿ ಸಿಕ್ಕಿಬೀಳುವುದು ಹೆಸರು ಮತ್ತು ವಿಳಾಸ. ರಾಜ್ಯದಲ್ಲಿ ನೋಂದಾಯಿಸಿದ ಹೆಸರು, ತೆರಿಗೆ ಇಲಾಖೆಯ ಪತ್ರದಲ್ಲಿನ ಹೆಸರು, ಬ್ಯಾಂಕ್ ಖಾತೆಯ ಹೆಸರು, ಈ ಮೂರೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಒಂದರಲ್ಲಿ ‘ಇನ್‌ಕಾರ್ಪೊರೇಟೆಡ್’ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೂ ಪರಿಶೀಲನೆ ವಾರಗಟ್ಟಲೆ ನಿಲ್ಲುತ್ತದೆ. ಪೂರ್ಣ ನೋಂದಣಿಯನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು, ಆ ತಾರೀಖನ್ನು ಇಬ್ಬರ ಕ್ಯಾಲೆಂಡರಿನಲ್ಲಿ ಬರೆದಿಡಿ.

ಜತೆಗೆ ತೆರಿಗೆ ವಿನಾಯಿತಿ ಪತ್ರ, ಆಡಳಿತ ಮಂಡಳಿಯ ಪಟ್ಟಿ, ಕಳೆದ ವರ್ಷಗಳ ಆಯವ್ಯಯ ಅಥವಾ ಆಡಿಟ್ ವರದಿ, ವಿಮೆ, ಖರೀದಿ ಮತ್ತು ಹಣಕಾಸಿನ ಲಿಖಿತ ನಿಯಮಗಳನ್ನು ಒಂದೇ ಫೋಲ್ಡರಿನಲ್ಲಿ ಸೇರಿಸಿಡಿ. ಕೊನೆಯದು ಸಣ್ಣ ಸಂಸ್ಥೆಗಳಲ್ಲಿ ಹೆಚ್ಚಾಗಿ ಇರುವುದೇ ಇಲ್ಲ. ಚೆಕ್ ಬರೆಯುವವರು ಯಾರು, ಸಹಿ ಹಾಕುವವರು ಯಾರು, ಬ್ಯಾಂಕ್ ಲೆಕ್ಕ ತಾಳೆ ನೋಡುವವರು ಯಾರು ಎಂಬುದು ಬರಹದಲ್ಲಿರಬೇಕು. ಮೂರೂ ಕೆಲಸ ಒಬ್ಬರದೇ ಆಗಿದ್ದರೆ ನಿಮ್ಮ ಸಂಸ್ಥೆಯನ್ನು ಅಪಾಯದ ಪಟ್ಟಿಗೆ ಸೇರಿಸುತ್ತಾರೆ.

ಹಂತ 3: ಶಾಲೆ ಆರಿಸುವುದು

ಯಾವ ಶಾಲೆಯ ಮಕ್ಕಳಿಗಾಗಿ ಕೇಂದ್ರ ಎಂಬುದರಲ್ಲೇ ಅರ್ಧದಷ್ಟು ಅಂಕಗಳು ತೀರ್ಮಾನವಾಗಿರುತ್ತವೆ. ಕೇಂದ್ರಕ್ಕೆ ಬರುವ ಮಕ್ಕಳು ಮುಖ್ಯವಾಗಿ, ಬಡತನ ಹೆಚ್ಚಿರುವ ಶಾಲೆಗಳಿಗೆ ಫೆಡರಲ್ ನೆರವು ಕೊಡುವ ಟೈಟಲ್ ಒನ್‌ನ ‘ಸ್ಕೂಲ್‌ವೈಡ್’ (ಇಡೀ ಶಾಲೆಗೆ ಅನ್ವಯಿಸುವ) ಯೋಜನೆಗೆ ಅರ್ಹವಾದ ಶಾಲೆಗಳವರಾಗಿರಬೇಕು. ಆ ಅರ್ಹತೆಯ ಸಾಮಾನ್ಯ ಗೆರೆ ಶೇಕಡಾ 40 ಬಡತನ. ಅದರ ಮೇಲೆ ಆದ್ಯತೆಯ ಅಂಕಗಳಿವೆ: ರಾಜ್ಯ ‘ಸಮಗ್ರ’ ಅಥವಾ ‘ಉದ್ದೇಶಿತ’ ಸುಧಾರಣೆಗೆ ಗುರುತಿಸಿದ ಶಾಲೆಗಳಿಗೆ, ಮತ್ತು ಟೈಟಲ್ ಒನ್ ಹಣ ಪಡೆಯುವ ಡಿಸ್ಟ್ರಿಕ್ಟ್ ಹಾಗೂ ಇನ್ನೊಂದು ಅರ್ಹ ಸಂಸ್ಥೆ ಜಂಟಿಯಾಗಿ ಹಾಕಿದ ಅರ್ಜಿಗಳಿಗೆ.

ಕೆಲಸ ಹೀಗೆ ಮಾಡಿ. ರಾಜ್ಯದ ಜಾಲತಾಣದಿಂದ ಸುಧಾರಣೆಗೆ ಗುರುತಿಸಿದ ಶಾಲೆಗಳ ಪಟ್ಟಿ ತೆಗೆಯಿರಿ. ಅದರಲ್ಲಿ ನಿಮ್ಮಿಂದ ಹೋಗಿಬರಲು ಆಗುವಂಥವನ್ನು ಗುರುತು ಹಾಕಿ. ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರಾದ ಮಕ್ಕಳ ಶೇಕಡಾವಾರು ಪಕ್ಕದಲ್ಲಿ ಬರೆಯಿರಿ. ಈಗಾಗಲೇ ಇದೇ ಅನುದಾನದ ಕೇಂದ್ರ ಇರುವ ಶಾಲೆಗಳನ್ನು ಬಿಡಿ. ಉಳಿದವುಗಳಲ್ಲಿ ಎರಡೋ ಮೂರೋ ಶಾಲೆಗಳನ್ನಷ್ಟೇ ಇಟ್ಟುಕೊಳ್ಳಿ. ಮೊದಲ ಅನುದಾನದಲ್ಲೇ ಆರು ಶಾಲೆಗಳಿಗೆ ಕೈ ಹಾಕುವ ಹುಮ್ಮಸ್ಸು ಒಳ್ಳೆಯದಲ್ಲ. ಒಂದು ಕೇಂದ್ರದ ಸಂಯೋಜಕರು ಕೆಲಸ ಬಿಟ್ಟು ಹೋದರೆ ಬದಲಿ ಸಿಗುವುದೇ ಕಷ್ಟ, ಆರರಲ್ಲಿ ಇಬ್ಬರು ಹೋದರೆ ಇಡೀ ಅನುದಾನ ಅಲುಗಾಡುತ್ತದೆ.

ಹಂತ 4: ಶಾಲೆಯೊಂದಿಗೆ ಒಡಂಬಡಿಕೆ

ಮಕ್ಕಳ ಶಾಲೆಯ ಸಕ್ರಿಯ ಸಹಯೋಗದಲ್ಲೇ ಕಾರ್ಯಕ್ರಮ ರೂಪಿಸಿದ್ದೇವೆ, ಹಾಗೆಯೇ ನಡೆಸುತ್ತೇವೆ ಎಂದು ಅರ್ಜಿಯಲ್ಲಿ ನೀವು ಕಾನೂನುಬದ್ಧವಾಗಿ ಭರವಸೆ ಕೊಡಬೇಕು. ಇಷ್ಟಿದ್ದರೂ ಜನ ತರುವುದು ಒಂದು ಪುಟದ ಹೊಗಳಿಕೆ ಪತ್ರ. “ಈ ಸಂಸ್ಥೆ ಒಳ್ಳೆಯ ಕೆಲಸ ಮಾಡುತ್ತಿದೆ, ನಮ್ಮ ಬೆಂಬಲವಿದೆ” ಎಂಬ ಪತ್ರಕ್ಕೆ ಅಂಕವಿಲ್ಲ. ಮೌಲ್ಯಮಾಪಕರು ನೋಡುವುದು ಯಾರು ಏನು ಕೊಡುತ್ತಾರೆ ಎಂಬುದನ್ನು.

ಒಡಂಬಡಿಕೆಯಲ್ಲಿ ಈ ವಿಷಯಗಳು ಒಂದೊಂದಾಗಿ ಬರಲೇಬೇಕು:

ಮೊದಲನೆಯದು ಜಾಗ. ಎಷ್ಟು ಕೊಠಡಿ, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಜಿಮ್, ಗ್ರಂಥಾಲಯ ಸಿಗುತ್ತದೆಯೇ, ಸ್ವಚ್ಛತೆ ಯಾರದು, ಬೀಗದ ಕೈ ಯಾರ ಬಳಿ, ಬೇಸಿಗೆ ರಜೆಯಲ್ಲಿ ಕಟ್ಟಡ ತೆರೆದಿರುತ್ತದೆಯೇ. ಬ್ಯಾಸ್ಕೆಟ್‌ಬಾಲ್ ಋತು ಬಂದಾಗ ಜಿಮ್ ಕೈತಪ್ಪುವುದು ಎಲ್ಲ ಕಡೆ ನಡೆಯುವ ಮಾತು. ಬದಲಿ ಜಾಗದ ಹೆಸರನ್ನೂ ಬರೆಸಿಕೊಳ್ಳಿ.

ಎರಡನೆಯದು ದತ್ತಾಂಶ. ಇದನ್ನು ಬಿಟ್ಟವರು ಮೊದಲ ವರ್ಷದ ಕೊನೆಗೆ ವರದಿ ಸಲ್ಲಿಸಲಾಗದೆ ಕೂರುತ್ತಾರೆ. ನಿಮಗೆ ಬೇಕಾಗುವುದು ಪ್ರತಿ ಮಗುವಿನ ರಾಜ್ಯ ಪರೀಕ್ಷೆಯ ಫಲಿತಾಂಶ, ಜಿಪಿಎ (ಎಲ್ಲ ವಿಷಯಗಳ ಸರಾಸರಿ ಗ್ರೇಡ್), ಶಾಲಾ ಹಾಜರಾತಿ, ಶಾಲೆಯೊಳಗಿನ ಅಮಾನತುಗಳ ಲೆಕ್ಕ, ತರಗತಿ ಶಿಕ್ಷಕರ ಸಮೀಕ್ಷೆ. ಇವು ಫರ್ಪಾ ಎಂಬ ಗೋಪ್ಯತೆ ಕಾಯ್ದೆಯ ರಕ್ಷಣೆಯಲ್ಲಿರುವ ಮಾಹಿತಿ. ಪ್ರಿನ್ಸಿಪಾಲರು ಬಾಯಿಮಾತಿನಲ್ಲಿ ಒಪ್ಪಿದರೂ ಡಿಸ್ಟ್ರಿಕ್ಟ್ ಕಚೇರಿ ಕೊಡುವುದಿಲ್ಲ. ಯಾವ ಮಾಹಿತಿ, ಯಾವ ತಿಂಗಳಲ್ಲಿ, ಯಾವ ರೂಪದಲ್ಲಿ, ಯಾರು ಯಾರಿಗೆ ಕಳಿಸಬೇಕು ಎಂದು ಒಡಂಬಡಿಕೆಯಲ್ಲಿ ಬರೆದು ಡಿಸ್ಟ್ರಿಕ್ಟ್‌ನ ಸಹಿ ಪಡೆಯಿರಿ. ಮಕ್ಕಳನ್ನು ಸೇರಿಸಿಕೊಳ್ಳುವ ನಮೂನೆಯಲ್ಲೇ ಪೋಷಕರ ಲಿಖಿತ ಒಪ್ಪಿಗೆಯ ಸಾಲನ್ನೂ ಇಡಿ. ಸೆಪ್ಟೆಂಬರಿನಲ್ಲಿ ತಗೊಳ್ಳದ ಸಹಿಯನ್ನು ಮೇ ತಿಂಗಳಲ್ಲಿ ನೂರು ಮನೆಗಳಿಂದ ತರುವುದು ಆಗದ ಕೆಲಸ.

ಮೂರನೆಯದು ಶಾಲೆಯ ಕಡೆಯ ಒಬ್ಬ ವ್ಯಕ್ತಿ. ಹುದ್ದೆಯ ಹೆಸರು ಹಾಕಿ, ವ್ಯಕ್ತಿಯ ಹೆಸರನ್ನಲ್ಲ. ಪ್ರಿನ್ಸಿಪಾಲರು ವರ್ಗವಾದರೂ ಒಡಂಬಡಿಕೆ ನಿಲ್ಲಬೇಕು. ಕೇಂದ್ರದ ಸಂಯೋಜಕರಿಗೆ ಶಿಕ್ಷಕರ ಸಭೆಯಲ್ಲಿ ತಿಂಗಳಿಗೆ ಒಮ್ಮೆಯಾದರೂ ಕೂರಲು ಅವಕಾಶ ಇರಲಿ. ಹಗಲಿನ ಪಾಠಕ್ಕೂ ಸಂಜೆಯ ಪಾಠಕ್ಕೂ ನಂಟು ಹೇಗೆ ಎಂಬ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಉತ್ತರ ಇಲ್ಲ.

ಒಡಂಬಡಿಕೆ ಸರಿಯಿಲ್ಲ ಎಂಬುದರ ಸೂಚನೆಗಳು ಮೊದಲೇ ಕಾಣುತ್ತವೆ. ಮೂರು ಇಮೇಲ್‌ಗೂ ಉತ್ತರ ಬಾರದಿರುವುದು, ಪ್ರಿನ್ಸಿಪಾಲರ ಬದಲು ಪ್ರತಿ ಸಲ ಬೇರೆ ಬೇರೆಯವರು ಸಭೆಗೆ ಬರುವುದು, “ಹಣ ಬರಲಿ, ಆಮೇಲೆ ನೋಡೋಣ” ಎಂಬ ಮಾತು. ಇವುಗಳಲ್ಲಿ ಎರಡು ಕಂಡರೂ ಶಾಲೆ ಬದಲಿಸಿ. ಮನಸ್ಸಿಲ್ಲದ ಶಾಲೆಯಲ್ಲಿ ಐದು ವರ್ಷ ಮಕ್ಕಳೂ ನೀವೂ ಕಷ್ಟಪಡುವುದಕ್ಕಿಂತ ಅದು ಮೇಲು.

ಇದೇ ಸಮಯದಲ್ಲಿ ಮಾಡಬೇಕಾದ ಇನ್ನೆರಡು ಕೆಲಸ ಮರೆತುಹೋಗುತ್ತವೆ. ಆ ಪ್ರದೇಶದ ಖಾಸಗಿ ಶಾಲೆಗಳ ಮಕ್ಕಳಿಗೂ ಸಮಾನ ಅವಕಾಶ ಕೊಡುವ ಬಗ್ಗೆ ಆ ಶಾಲೆಗಳೊಂದಿಗೆ ಮಾತಾಡಬೇಕು, ಮಾತಾಡಿದ್ದಕ್ಕೆ ದಾಖಲೆ ಇರಬೇಕು. ಅವರು ಬೇಡ ಎಂದರೆ ಆ ‘ಬೇಡ’ವೂ ಬರಹದಲ್ಲಿರಲಿ. ಎರಡನೆಯದಾಗಿ, ನೀವು ಅರ್ಜಿ ಹಾಕಲಿದ್ದೀರಿ ಎಂದು ಸಮುದಾಯಕ್ಕೆ ಮುಂಚಿತವಾಗಿ ಪ್ರಕಟಿಸಬೇಕು. ಸಂಸ್ಥೆಯ ಜಾಲತಾಣದ ಪುಟ, ಗ್ರಂಥಾಲಯದ ಫಲಕ, ಸ್ಥಳೀಯ ಪತ್ರಿಕೆ ಯಾವುದಾದರೂ ಸರಿ, ತಾರೀಖು ಕಾಣುವಂತೆ ಫೋಟೋ ತೆಗೆದಿಡಿ.

ಹಂತ 5: ಅಗತ್ಯವನ್ನು ಅಂಕಿಯಲ್ಲಿ ತೋರಿಸುವುದು

ಇಡೀ ದೇಶದ ಬಡತನದ ಬಗ್ಗೆ ಎರಡು ಪ್ಯಾರಾ ಬರೆದರೆ ನಿಮ್ಮ ಶಾಲೆಯ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ. ಬೇಕಾಗಿರುವುದು ಆ ಶಾಲೆಯ ಮೂರು ವರ್ಷಗಳ ಅಂಕಿ: ಓದು ಮತ್ತು ಗಣಿತದಲ್ಲಿ ನಿಗದಿತ ಮಟ್ಟ ಮುಟ್ಟದ ಮಕ್ಕಳೆಷ್ಟು, ದೀರ್ಘಕಾಲ ಗೈರಾಗುವವರೆಷ್ಟು, ಇಂಗ್ಲಿಷ್ ಕಲಿಯುತ್ತಿರುವವರೆಷ್ಟು. ಪ್ರತಿ ಅಂಕಿಯ ಪಕ್ಕದಲ್ಲಿ ಡಿಸ್ಟ್ರಿಕ್ಟ್ ಮತ್ತು ರಾಜ್ಯದ ಸರಾಸರಿ ಇಡಿ.

ಆಮೇಲೆ ಪೋಷಕರನ್ನು ಕೇಳಿ. ಒಂದು ಪುಟದ ಸಮೀಕ್ಷೆ ಸಾಕು, ಆದರೆ ಆ ಮನೆಗಳಲ್ಲಿ ಆಡುವ ಭಾಷೆಗಳಲ್ಲಿರಲಿ. ಈಗ ಮಗು ಸಂಜೆ 3ರಿಂದ 6ರವರೆಗೆ ಎಲ್ಲಿರುತ್ತದೆ, ಮನೆಗೆ ಹೇಗೆ ಬರುತ್ತದೆ, ಯಾವ ದಿನ ಕಳಿಸಬಲ್ಲಿರಿ ಎಂಬ ಮೂರು ಪ್ರಶ್ನೆಗಳ ಉತ್ತರವೇ ನಿಮ್ಮ ಬಸ್ಸಿನ ಲೆಕ್ಕವನ್ನೂ ದಿನಚರಿಯನ್ನೂ ನಿರ್ಧರಿಸುತ್ತದೆ. ಆ ಪ್ರದೇಶದಲ್ಲಿ ಈಗಾಗಲೇ ಇರುವ ಕೇಂದ್ರಗಳು, ಅವುಗಳ ಶುಲ್ಕ, ಖಾಲಿ ಜಾಗಗಳ ಪಟ್ಟಿಯನ್ನೂ ಮಾಡಿ. ನಿಮ್ಮ ಕಾರ್ಯಕ್ರಮ ಬರದಿದ್ದರೆ ಈ ಮಕ್ಕಳಿಗೆ ಬೇರೆ ದಾರಿಯಿಲ್ಲ ಎಂದು ತೋರಿಸಲಾಗುವುದು ಅದರಿಂದಲೇ. ಅದೂ ಆದ್ಯತೆಯ ಅಂಕದ ವಿಷಯ.

ಹಂತ 6: ದಿನಚರಿ ಮೊದಲು, ಬಜೆಟ್ ಅದರಿಂದ

ಬಜೆಟ್ ತಪ್ಪುವುದಕ್ಕೆ ಕಾರಣ ಕೂಡುವಿಕೆ ಅಲ್ಲ. ಒಟ್ಟು ಮೊತ್ತವನ್ನು ಮೊದಲು ಇಟ್ಟುಕೊಂಡು ಹಿಂದಕ್ಕೆ ಹಂಚುತ್ತಾ ಹೋಗುವುದೇ ಕಾರಣ. ಉಲ್ಟಾ ಮಾಡಿ. ದಿನಚರಿ ಬರೆಯಿರಿ, ಅದಕ್ಕೆ ಬೇಕಾದ ಜನರನ್ನು ಎಣಿಸಿ, ಗಂಟೆಗಳನ್ನು ಗುಣಿಸಿ.

ಒಂದು ಮಾದರಿ ನೋಡೋಣ. ಕೂಲಿಯ ದರಗಳು ಲೆಕ್ಕಕ್ಕಾಗಿ ಇಟ್ಟವು, ನಿಮ್ಮ ಡಿಸ್ಟ್ರಿಕ್ಟ್‌ನ ದರ ಹಾಕಿಕೊಳ್ಳಿ. ಒಂದು ಕೇಂದ್ರ, ದಿನಕ್ಕೆ 80 ಮಕ್ಕಳು, ವರ್ಷಕ್ಕೆ 150 ದಿನ, ದಿನಕ್ಕೆ 3 ಗಂಟೆ.

ಗುಂಪು ನಡೆಸುವವರು 6 ಮಂದಿ. ಮಕ್ಕಳ ಜತೆ 3 ಗಂಟೆ, ಸಿದ್ಧತೆಗೆ ಅರ್ಧ ಗಂಟೆ. 6 × 3.5 × 150 ಅಂದರೆ 3,150 ಗಂಟೆ. ಗಂಟೆಗೆ 20 ಡಾಲರಿನಂತೆ 63,000. ಆ ಅರ್ಧ ಗಂಟೆಯನ್ನು ಬಿಡುವ ತಪ್ಪು ತುಂಬಾ ಸಾಮಾನ್ಯ. ಬಿಟ್ಟರೆ ಸಿಬ್ಬಂದಿ ಪುಕ್ಕಟೆ ದುಡಿಯಬೇಕು, ಇಲ್ಲವೇ ಸಿದ್ಧತೆಯಿಲ್ಲದೆ ಪಾಠಕ್ಕೆ ಇಳಿಯಬೇಕು.

ಪ್ರಮಾಣಪತ್ರ ಇರುವ ಶಿಕ್ಷಕರು ಇಬ್ಬರು, ದಿನಕ್ಕೆ 2 ಗಂಟೆ, ಒಟ್ಟು 600 ಗಂಟೆ, ಗಂಟೆಗೆ 35ರಂತೆ 21,000. ಪೂರ್ಣಾವಧಿ ಸಂಯೋಜಕರಿಗೆ 50,000. ಸಂಬಳಗಳ ಮೊತ್ತ 1,34,000. ಅದರ ಮೇಲೆ ಮಾಲೀಕರ ಪಾಲಿನ ಸೋಶಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ತೆರಿಗೆ ಶೇಕಡಾ 7.65, ಅಂದರೆ 10,251. ಸಂಯೋಜಕರ ಆರೋಗ್ಯ ವಿಮೆಗೆ 9,000.

ಮನೆಗೆ ಬಿಡುವ ಬಸ್ಸು ದಿನಕ್ಕೆ 200ರಂತೆ 30,000. ಸಾಮಗ್ರಿ ಮಗುವಿಗೆ 75ರಂತೆ 6,000. ತರಬೇತಿ 3,000. ಹೊರಗಿನ ಮೌಲ್ಯಮಾಪನ 8,000. ಸಿಬ್ಬಂದಿಯ ಹಿನ್ನೆಲೆ ತಪಾಸಣೆ ಇತ್ಯಾದಿ 1,500. ಇಲ್ಲಿಗೆ 2,01,751.

ಇನ್ನು ಪರೋಕ್ಷ ವೆಚ್ಚ, ಅಂದರೆ ಕಚೇರಿ, ಲೆಕ್ಕಪತ್ರದಂಥ ಸಂಸ್ಥೆಯ ಸಾಮಾನ್ಯ ಆಡಳಿತದ ಖರ್ಚು. ಇಲ್ಲಿ ಅನುಭವಿಗಳೂ ಜಾರುತ್ತಾರೆ. 2024ರ ಅಕ್ಟೋಬರ್‌ನಿಂದ ಫೆಡರಲ್ ಅನುದಾನಗಳ ಸಾಮಾನ್ಯ ಕನಿಷ್ಠ ದರ ಶೇಕಡಾ 15ಕ್ಕೆ ಏರಿದೆ ಎಂದು ಕೇಳಿ ಅದನ್ನೇ ಹಾಕಿಬಿಡುತ್ತಾರೆ. ಈ ಅನುದಾನದ ಹಣ ಈಗಿರುವ ಹಣಕ್ಕೆ ಪೂರಕವಾಗಿರಬೇಕು, ಅದರ ಬದಲಿಯಾಗಬಾರದು ಎಂಬ ನಿಯಮವಿದೆ. ಅಂಥ ಕಾರ್ಯಕ್ರಮಗಳಿಗೆ ಅನ್ವಯಿಸುವುದು ‘ನಿರ್ಬಂಧಿತ’ ದರ. ಮಾತುಕತೆಯಿಂದ ನಿಗದಿಯಾದ ದರ ಇಲ್ಲದ ಖಾಸಗಿ ಸಂಸ್ಥೆಗೆ ಅದು ಶೇಕಡಾ 8. ನಮ್ಮ ಮಾದರಿಯಲ್ಲಿ 16,140. ಒಟ್ಟು 2,17,891 ಡಾಲರ್.

ಈಗ ಭಾಗಿಸಿ. ಮಗುವಿಗೆ ವರ್ಷಕ್ಕೆ ಸುಮಾರು 2,724, ದಿನಕ್ಕೆ 18 ಡಾಲರಿಗೆ ತುಸು ಮೇಲೆ. ನಿಮ್ಮ ರಾಜ್ಯ ಮಗುವಿಗೆ ಇಷ್ಟೇ ಎಂಬ ಮಿತಿ ಹಾಕಿದ್ದರೆ ಹೋಲಿಸಬೇಕಾದ ಅಂಕಿ ಇದು. ಮಿತಿ ಮೀರಿದ್ದರೆ ಸಂಬಳ ಕತ್ತರಿಸಬೇಡಿ, ಬಸ್ಸಿನ ಮಾರ್ಗ ನೋಡಿ. ಡಿಸ್ಟ್ರಿಕ್ಟ್‌ನ ಸಂಜೆ ಬಸ್ಸಿನಲ್ಲೇ ಮಕ್ಕಳು ಹೋಗುವಂತಿದ್ದರೆ ಅಷ್ಟು ಹಣ ಅಲ್ಲೇ ಉಳಿಯುತ್ತದೆ. ಆದರೆ ಮಕ್ಕಳು ಸುರಕ್ಷಿತವಾಗಿ ಮನೆ ಸೇರುವುದು ಹೇಗೆ ಎಂಬುದಕ್ಕೆ ಅರ್ಜಿಯಲ್ಲಿ ಉತ್ತರ ಕಡ್ಡಾಯ, ಆ ಸಾಲನ್ನು ಸುಮ್ಮನೆ ಅಳಿಸುವಂತಿಲ್ಲ.

80 ಎಂದರೆ ದಾಖಲಾತಿಯೋ ದಿನದ ಹಾಜರಾತಿಯೋ? ಇದೊಂದನ್ನು ಗೊಂದಲ ಮಾಡಿಕೊಂಡವರು ಎರಡನೇ ವರ್ಷ ಹಣ ಕಡಿತಕ್ಕೆ ಗುರಿಯಾಗುತ್ತಾರೆ. ಸಂಜೆ ಕೇಂದ್ರಕ್ಕೆ ಎಲ್ಲ ಮಕ್ಕಳೂ ಎಲ್ಲ ದಿನ ಬರುವುದಿಲ್ಲ. ನಾಲ್ಕರಲ್ಲಿ ಮೂವರು ಬರುತ್ತಾರೆ ಎಂದುಕೊಂಡರೆ ದಿನಕ್ಕೆ 80 ಮಕ್ಕಳಿಗಾಗಿ 107 ಮಕ್ಕಳನ್ನು ದಾಖಲಿಸಬೇಕು. ಅರ್ಜಿಯ ಪ್ರತಿ ಪುಟದಲ್ಲೂ ಯಾವ ಅಂಕಿ ಯಾವುದೆಂದು ಸ್ಪಷ್ಟವಾಗಿ ಬರೆಯಿರಿ.

ತಿಂಡಿಗೆ ಈ ಬಜೆಟ್ಟಿನಲ್ಲಿ ಹಣ ಇಡಬೇಡಿ. ಅದಕ್ಕೆ ಕೃಷಿ ಇಲಾಖೆಯ ಚೈಲ್ಡ್ ಅಂಡ್ ಅಡಲ್ಟ್ ಕೇರ್ ಫುಡ್ ಪ್ರೋಗ್ರಾಮ್ ಇದೆ. ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಮಕ್ಕಳು ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರಾದ ಶಾಲೆಯ ವ್ಯಾಪ್ತಿಯಲ್ಲಿ ಕೇಂದ್ರವಿದ್ದರೆ, ಪ್ರತಿ ಮಗುವಿಗೆ ದಿನಕ್ಕೆ ಒಂದು ತಿಂಡಿ ಮತ್ತು ಒಂದು ಊಟದ ವೆಚ್ಚ ಮರುಪಾವತಿಯಾಗುತ್ತದೆ. ಮನೆಮನೆಯ ಆದಾಯದ ಅರ್ಜಿ ಬೇಕಿಲ್ಲ. ಹಸಿದ ಮಗು ನಾಲ್ಕು ಗಂಟೆಗೆ ಗಣಿತ ಕಲಿಯುವುದಿಲ್ಲ, ಈ ಅರ್ಜಿಯನ್ನೂ ಜತೆಯಲ್ಲೇ ಹಾಕಿ.

ಬಜೆಟ್ಟಿನಲ್ಲಿ ಸೇರಲೇಬಾರದವು: ಕಟ್ಟಡ ಕಟ್ಟುವುದು, ನಿಧಿ ಸಂಗ್ರಹದ ಖರ್ಚು, ಮನರಂಜನೆ, ಅನುದಾನದ ಆರಂಭದ ತಾರೀಖಿಗೆ ಮುಂಚೆ ಮಾಡಿದ ಯಾವುದೇ ವೆಚ್ಚ. ಪೋಷಕರಿಂದ ಶುಲ್ಕ ಪಡೆಯುವ ಯೋಚನೆ ಇದ್ದರೆ ಮೊದಲೇ ಇಲಾಖೆಯ ಒಪ್ಪಿಗೆ ಬೇಕು, ಕೊಡಲಾಗದವರ ಮಗುವನ್ನು ಹೊರಗಿಡುವಂತಿಲ್ಲ.

ಕೊನೆಯದಾಗಿ ಕೈಯಲ್ಲಿರುವ ನಗದು. ಬಹಳಷ್ಟು ರಾಜ್ಯಗಳಲ್ಲಿ ಮೊದಲು ನೀವು ಖರ್ಚು ಮಾಡಬೇಕು, ಆಮೇಲೆ ಬಿಲ್ ಕೊಟ್ಟು ವಾಪಸ್ ಪಡೆಯಬೇಕು. ನಮ್ಮ ಮಾದರಿಯನ್ನು 10 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 21,800. ಮೂರು ತಿಂಗಳ ಹಣ, ಅಂದರೆ 65,000ದಷ್ಟು, ಬ್ಯಾಂಕಿನಲ್ಲೋ ಸಾಲದ ಮಿತಿಯಾಗಿಯೋ ಇಲ್ಲದಿದ್ದರೆ ಡಿಸೆಂಬರಿನಲ್ಲಿ ಸಂಬಳ ನಿಲ್ಲುತ್ತದೆ. ಇದು ಬರಿಯ ಮುನ್ನೆಚ್ಚರಿಕೆಯಲ್ಲ. 2025ರ ಜುಲೈ 1ರಂದು ರಾಜ್ಯಗಳಿಗೆ ಸೇರಬೇಕಿದ್ದ ಈ ಕಾರ್ಯಕ್ರಮದ ಹಣವನ್ನೇ ಫೆಡರಲ್ ಸರ್ಕಾರ ತಡೆಹಿಡಿದು ಅದೇ ತಿಂಗಳ ದ್ವಿತೀಯಾರ್ಧದಲ್ಲಿ ಬಿಡುಗಡೆ ಮಾಡಿತು. ಸ್ವಂತ ಹಣ ಇಲ್ಲದ ಸಂಸ್ಥೆ ಡಿಸ್ಟ್ರಿಕ್ಟನ್ನೇ ಹಣಕಾಸು ನಿರ್ವಾಹಕನನ್ನಾಗಿ ಮಾಡಿ ಜಂಟಿ ಅರ್ಜಿ ಹಾಕುವುದು ಒಳ್ಳೆಯದು.

ಹಂತ 7: ಈಗ ಬರೆಯಿರಿ

ಅಂಕ ಹಾಕುವ ಪಟ್ಟಿಯ ಶೀರ್ಷಿಕೆಗಳನ್ನು ಅದೇ ಪದಗಳಲ್ಲಿ, ಅದೇ ಸರದಿಯಲ್ಲಿ ನಿಮ್ಮ ಶೀರ್ಷಿಕೆಗಳನ್ನಾಗಿ ಇಟ್ಟುಕೊಳ್ಳಿ. ಓದುವವರು ಹೊರಗಿನಿಂದ ಕರೆಸಿದ ಮೌಲ್ಯಮಾಪಕರು, ಅವರ ಮುಂದೆ ಹತ್ತಾರು ಅರ್ಜಿಗಳಿರುತ್ತವೆ. ಬಜೆಟ್ ಪುಟದಲ್ಲಿರುವ ಉತ್ತರವನ್ನು ಸಿಬ್ಬಂದಿ ವಿಭಾಗಕ್ಕೆ ಅವರು ತಾವಾಗಿ ತಂದು ಜೋಡಿಸುವುದಿಲ್ಲ.

ಪ್ರತಿ ಗುರಿಗೂ ಯಾರು, ಎಷ್ಟು, ಯಾವಾಗ, ಯಾವುದರಿಂದ ಅಳೆಯುವುದು ಎಂಬ ನಾಲ್ಕೂ ಇರಲಿ. “ಮಕ್ಕಳ ಓದಿನ ಆಸಕ್ತಿ ಹೆಚ್ಚಿಸುವುದು” ಗುರಿಯಲ್ಲ. “90 ಗಂಟೆಗಿಂತ ಹೆಚ್ಚು ಹಾಜರಾದ 4ರಿಂದ 8ನೇ ತರಗತಿಯ ಮಕ್ಕಳಲ್ಲಿ ಅರ್ಧದಷ್ಟಾದರೂ ಮಂದಿ ವರ್ಷದ ಕೊನೆಗೆ ರಾಜ್ಯದ ಓದಿನ ಪರೀಕ್ಷೆಯಲ್ಲಿ ಮುಂದುವರಿದಿರುತ್ತಾರೆ” ಎಂಬುದು ಗುರಿ. ಫೆಡರಲ್ ಸರ್ಕಾರ ಕೇಳುವ ಐದು ಅಳತೆಗಳನ್ನೇ ಆಧಾರವಾಗಿಟ್ಟುಕೊಂಡರೆ ಮುಂದೆ ಎರಡು ಲೆಕ್ಕ ಇಡುವ ಕಷ್ಟ ತಪ್ಪುತ್ತದೆ: 4ರಿಂದ 8ನೇ ತರಗತಿಯ ಓದು ಮತ್ತು ಗಣಿತದ ಪರೀಕ್ಷೆ, ಹಿಂದಿನ ವರ್ಷ 3.0ಕ್ಕಿಂತ ಕಡಿಮೆ ಇದ್ದ 7, 8 ಮತ್ತು 10ರಿಂದ 12ನೇ ತರಗತಿಯವರ ಜಿಪಿಎ, ಹಿಂದಿನ ವರ್ಷ ಶೇಕಡಾ 90ಕ್ಕೆ ಮೀರದ ಹಾಜರಾತಿ ಇದ್ದವರ ಸುಧಾರಣೆ, ಶಾಲೆಯೊಳಗಿನ ಅಮಾನತು ಇಳಿಕೆ, 1ರಿಂದ 5ನೇ ತರಗತಿಯವರ ಕಲಿಕೆಯ ಒಲವಿನ ಬಗ್ಗೆ ಶಿಕ್ಷಕರ ಅಭಿಪ್ರಾಯ.

ಪೋಷಕರ ಭಾಗವನ್ನು ವರ್ಷಕ್ಕೊಂದು ಸಮಾರಂಭದಲ್ಲಿ ಮುಗಿಸಬೇಡಿ. ಮನೆಯವರ ಸಾಕ್ಷರತೆ ಮತ್ತು ಕಲಿಕೆಗೂ ಅವಕಾಶ ಇರಬೇಕೆಂಬುದು ಕಾಯ್ದೆಯ ಮಾತು. ವಾರಕ್ಕೊಂದು ಸಂಜೆಯ ಇಂಗ್ಲಿಷ್ ತರಗತಿ, ಅದೇ ಹೊತ್ತಿನಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಬರೆದರೆ ಅದು ನಂಬುವಂತಿರುತ್ತದೆ. ಅನುದಾನ ಮುಗಿದ ಮೇಲೆ ಕೇಂದ್ರ ಹೇಗೆ ನಡೆಯುತ್ತದೆ ಎಂಬ ಪ್ರಾಥಮಿಕ ಯೋಜನೆಯೂ ಕಡ್ಡಾಯ. “ಬೇರೆ ಅನುದಾನ ಹುಡುಕುತ್ತೇವೆ” ಎಂದಷ್ಟೇ ಬರೆದರೆ ಸಾಲದು, ಯಾವ ಖರ್ಚನ್ನು ಯಾವ ವರ್ಷದಿಂದ ಯಾರು ಹೊರುತ್ತಾರೆ ಎಂದು ಬರೆಯಿರಿ. ನಂತರದ ವರ್ಷಗಳಲ್ಲಿ ಮೊತ್ತವನ್ನು ಇಳಿಸುತ್ತಾ ಹೋಗುವ ರಾಜ್ಯಗಳೂ ಇವೆ.

ಹಂತ 8: ಸಲ್ಲಿಕೆ

ಪೋರ್ಟಲ್ ಖಾತೆಯನ್ನು ಅರ್ಜಿ ಕರೆದ ದಿನವೇ ತೆರೆಯಿರಿ. ಸಹಿಯ ಅಧಿಕಾರ ಯಾರಿಗಿದೆ ಎಂದು ಮಂಡಳಿಯ ನಿರ್ಣಯದಲ್ಲಿ ಇರಲಿ. ಪುಟಮಿತಿ, ಅಕ್ಷರದ ಗಾತ್ರ, ಅಂಚು ಇವುಗಳನ್ನು ಮೀರಿದ ಅರ್ಜಿಯನ್ನು ಓದದೆಯೇ ಬದಿಗಿಡುವ ರಾಜ್ಯಗಳಿವೆ. ಅರ್ಜಿಯನ್ನು ಎಂದೂ ನೋಡಿರದ ಒಬ್ಬರಿಗೆ ಅಂಕಪಟ್ಟಿ ಕೊಟ್ಟು ಅಂಕ ಹಾಕಿಸಿ, ಅವರು ಎಲ್ಲಿ ಹುಡುಕಾಡಿದರೋ ಅಲ್ಲಿ ತಿದ್ದಿ. ಕೊನೆಯ ದಿನಕ್ಕೆ 48 ಗಂಟೆ ಮುಂಚೆ ಸಲ್ಲಿಸಿ, ಸ್ವೀಕೃತಿಯನ್ನು ಉಳಿಸಿಡಿ. ಸಲ್ಲಿಸಿದ ಮೇಲೆ ಅರ್ಜಿ ಸಾರ್ವಜನಿಕರಿಗೆ ನೋಡಲು ಸಿಗುವಂತಿರಬೇಕು.

ಹಂತ 9: ಮಂಜೂರಾತಿ ಬಂದ ಮೇಲಿನ ಮೊದಲ 90 ದಿನ

ಅಭಿನಂದನೆಯ ಇಮೇಲ್ ಬಂದ ತಕ್ಷಣ ಖರೀದಿಗೆ ಇಳಿಯಬೇಡಿ. ಅಧಿಕೃತ ಮಂಜೂರಾತಿ ಪತ್ರದಲ್ಲಿರುವ ಆರಂಭದ ತಾರೀಖೇ ಲೆಕ್ಕ. ಅದಕ್ಕಿಂತ ಒಂದು ದಿನ ಮುಂಚೆ ಕೊಂಡ ಲ್ಯಾಪ್‌ಟಾಪಿನ ಹಣ ನಿಮ್ಮ ಜೇಬಿನಿಂದಲೇ.

ಮೊದಲು ಸಂಯೋಜಕರನ್ನು ನೇಮಿಸಿ, ಆಮೇಲೆ ಉಳಿದವರನ್ನು ಅವರ ಕೈಯಲ್ಲೇ ಆರಿಸಿ. ಹಿನ್ನೆಲೆ ತಪಾಸಣೆಯ ಫಲಿತಾಂಶ ಬಾರದೆ ಯಾರೂ ಮಕ್ಕಳ ಕೊಠಡಿಗೆ ಕಾಲಿಡಬಾರದು. ಮಕ್ಕಳ ಪಾಲನಾ ಕೇಂದ್ರದ ಲೈಸೆನ್ಸ್ ಬೇಕೇ ಬೇಡವೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಶಾಲೆಯ ಕಟ್ಟಡದಲ್ಲಿದ್ದೇವೆ, ಬೇಕಿರಲಾರದು ಎಂದು ಊಹಿಸದೆ ಲಿಖಿತ ಉತ್ತರ ಪಡೆಯಿರಿ.

ಹಾಜರಾತಿಯನ್ನು ಮೊದಲ ದಿನದಿಂದಲೇ ಗಂಟೆಯ ಲೆಕ್ಕದಲ್ಲಿ ಇಡಿ. ಬಂದ ಸಮಯ, ಹೋದ ಸಮಯ, ಕರೆದುಕೊಂಡು ಹೋದವರ ಸಹಿ. ಬರೀ ‘ಹಾಜರು’ ಎಂದು ಗುರುತು ಹಾಕಿದರೆ ಫೆಡರಲ್ ವರದಿಗೆ ಬೇಕಾದ ಗಂಟೆಗಳು ಸಿಗುವುದಿಲ್ಲ.

ಸಿಬ್ಬಂದಿಯ ಸಮಯದ ದಾಖಲೆ ತಪಾಸಣೆಯಲ್ಲಿ ಅತಿ ಹೆಚ್ಚು ತೊಂದರೆ ಕೊಡುವ ಕಾಗದ. ಒಬ್ಬರು ಅರ್ಧ ದಿನ ಈ ಕೇಂದ್ರಕ್ಕೂ ಅರ್ಧ ದಿನ ಇನ್ನೊಂದು ಯೋಜನೆಗೂ ದುಡಿಯುತ್ತಿದ್ದರೆ, ನಿಜವಾಗಿ ದುಡಿದ ಗಂಟೆಗಳನ್ನು ಬರೆದು ಅವರೂ ಅವರ ಮೇಲ್ವಿಚಾರಕರೂ ಸಹಿ ಹಾಕಬೇಕು. ಬಜೆಟ್ಟಿನಲ್ಲಿ ಶೇಕಡಾ 50 ಎಂದಿದೆ ಎಂದು ಪ್ರತಿ ತಿಂಗಳೂ 50 ಎಂದೇ ಬರೆದರೆ ಆ ಸಂಬಳವನ್ನು ವಾಪಸ್ ಕೇಳುತ್ತಾರೆ. ಗಂಟೆಗಳು ಪ್ರತಿ ವಾರ ಕರಾರುವಾಕ್ಕಾಗಿ ಒಂದೇ ಇದ್ದರೆ ತಪಾಸಕರಿಗೆ ಅದೇ ಮೊದಲ ಅನುಮಾನ.

ಹಂತ 10: ವರದಿ, ತಪಾಸಣೆ, ಹಣದ ವೇಗ

ತಿಂಗಳಿಗೊಮ್ಮೆ ಎರಡು ಅಂಕಿ ನೋಡಿ: ಶಾಲಾ ವರ್ಷದ ಎಷ್ಟು ಭಾಗ ಮುಗಿದಿದೆ, ಬಜೆಟ್ಟಿನ ಎಷ್ಟು ಭಾಗ ಖರ್ಚಾಗಿದೆ. ಅರ್ಧ ವರ್ಷಕ್ಕೆ ಕಾಲು ಭಾಗವೂ ಖರ್ಚಾಗಿಲ್ಲವೆಂದರೆ ಸಿಬ್ಬಂದಿ ಸಿಕ್ಕಿಲ್ಲ ಎಂದರ್ಥ, ಹಣ ಉಳಿಸಿದ್ದೀರಿ ಎಂದಲ್ಲ. ಆಗ ಸಾಲುಗಳ ನಡುವೆ ಹಣ ಸರಿಸಲು ತಿದ್ದುಪಡಿ ಕೋರಿಕೆ ಹಾಕಿ, ಒಪ್ಪಿಗೆ ಬಂದ ಮೇಲೆ ಖರ್ಚು ಮಾಡಿ. ಮೇ ತಿಂಗಳಲ್ಲಿ ಉಳಿದ ಹಣಕ್ಕೆ ಟ್ಯಾಬ್ಲೆಟ್‌ಗಳ ರಾಶಿ ಕೊಳ್ಳುವ ಅವಸರವನ್ನು ಇಲಾಖೆಯವರು ನೂರು ಸಲ ಕಂಡಿದ್ದಾರೆ.

ಸರಾಸರಿ ಹಾಜರಾತಿ ಗುರಿಯ ಮುಕ್ಕಾಲಿಗಿಂತ ಕೆಳಗಿಳಿದರೆ ಕಾರಣವನ್ನು ಮೊದಲು ಬಸ್ಸಿನಲ್ಲಿ ಹುಡುಕಿ, ಆಮೇಲೆ ದಿನಚರಿಯಲ್ಲಿ. ಹೋಮ್‌ವರ್ಕ್ ಮಾಡಿಸುವುದೇ ಎರಡು ಗಂಟೆ ಆಗಿಬಿಟ್ಟ ಕೇಂದ್ರಕ್ಕೆ ದೊಡ್ಡ ತರಗತಿಯ ಮಕ್ಕಳು ನವೆಂಬರಿನ ಹೊತ್ತಿಗೆ ಬರುವುದು ನಿಲ್ಲಿಸುತ್ತಾರೆ.

ಎಲ್ಲ ಮೂಲಗಳಿಂದ ಸೇರಿ ವರ್ಷಕ್ಕೆ 10,00,000 ಡಾಲರ್ ಅಥವಾ ಹೆಚ್ಚು ಫೆಡರಲ್ ಹಣ ಖರ್ಚು ಮಾಡುವ ಸಂಸ್ಥೆಗೆ ‘ಸಿಂಗಲ್ ಆಡಿಟ್’ (ಎಲ್ಲ ಫೆಡರಲ್ ಹಣಕ್ಕೂ ಸೇರಿ ಒಂದೇ ಹೊರಗಿನ ಲೆಕ್ಕ ತಪಾಸಣೆ) ಕಡ್ಡಾಯ. 2024ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಆರಂಭವಾದ ಹಣಕಾಸು ವರ್ಷಗಳಿಗೆ ಈ ಮಿತಿ. ಕಾಗದಗಳನ್ನು ಕೊನೆಯ ಹಣಕಾಸು ವರದಿ ಸಲ್ಲಿಸಿದ ದಿನದಿಂದ ಕನಿಷ್ಠ 3 ವರ್ಷ ಕಾಪಾಡಿ, ರಾಜ್ಯ ಹೆಚ್ಚು ಕೇಳಿದರೆ ಅಷ್ಟು.

ಅರ್ಜಿ ತಿರಸ್ಕೃತವಾದರೆ

ಮೌಲ್ಯಮಾಪಕರ ಅಂಕ ಮತ್ತು ಟಿಪ್ಪಣಿಗಳನ್ನು ಬರಹದಲ್ಲಿ ಕೇಳಿ. ಮೇಲ್ಮನವಿಗೆ ಅವಕಾಶ ಚಿಕ್ಕದು, ತಾರೀಖನ್ನು ತಿರಸ್ಕಾರದ ಪತ್ರದಲ್ಲೇ ನೋಡಿಕೊಳ್ಳಿ. ಆದರೆ ಮೇಲ್ಮನವಿ ನಿಲ್ಲುವುದು ಇಲಾಖೆ ತನ್ನದೇ ನಿಯಮ ಮುರಿದಿದ್ದರೆ ಮಾತ್ರ, ಅಂಕ ಕಡಿಮೆಯಾಯಿತು ಎಂಬ ಬೇಸರಕ್ಕಲ್ಲ.

ಟಿಪ್ಪಣಿಗಳನ್ನು ವಿಭಾಗವಾರು ಹರಡಿ, ಎಲ್ಲಿ ಹೆಚ್ಚು ಅಂಕ ಹೋಗಿದೆ ನೋಡಿ. ಬರವಣಿಗೆಯಲ್ಲಿ ಹೋಗಿದ್ದರೆ ಎರಡು ವಾರದ ಕೆಲಸ. ಶಾಲೆಯ ಸಹಯೋಗದಲ್ಲೋ ದತ್ತಾಂಶದಲ್ಲೋ ಹೋಗಿದ್ದರೆ ಮುಂದಿನ ಸುತ್ತಿಗೆ ಕಾಯದೆ ಈ ತಿಂಗಳೇ ಆ ಶಾಲೆಗೆ ಹೋಗಿ, ವಾರಕ್ಕೆರಡು ದಿನ ಇಪ್ಪತ್ತು ಮಕ್ಕಳ ಸಣ್ಣ ಗುಂಪೊಂದನ್ನು ಸ್ವಯಂಸೇವಕರ ನೆರವಿನಿಂದ ಶುರು ಮಾಡಿ. ಗಂಟೆ ಲೆಕ್ಕದ ಹಾಜರಾತಿ, ಪೋಷಕರ ಒಪ್ಪಿಗೆ, ಶಿಕ್ಷಕರ ಸಮೀಕ್ಷೆ ಮೂರನ್ನೂ ಈಗಿನಿಂದಲೇ ಇಡಿ. ಸಂಸ್ಥೆಗೆ ಅನುಭವ ಇದೆಯೇ, ಯಶಸ್ವಿಯಾಗುವ ಭರವಸೆ ಇದೆಯೇ ಎಂದು ಮುಂದಿನ ಅರ್ಜಿಯಲ್ಲಿ ಕೇಳಿದಾಗ ಆ ಇಪ್ಪತ್ತು ಮಕ್ಕಳ ಹಾಳೆಗಳನ್ನೇ ಲಗತ್ತಿಸಬಹುದು. ಮಕ್ಕಳ ಹೆಸರುಗಳನ್ನು ಮುಚ್ಚಲು ಮಾತ್ರ ಮರೆಯಬೇಡಿ.